ಧಾರಾವಾಹಿಯ ಪಾತ್ರಗಳು ಕೇಳಿದ್ದಕ್ಕೆ ಉತ್ತರ ಕೊಡಲಿ

ಸಂಪಾದಕರಿಗೆ,

ಮಾನ್ಯರೇ,

ಕನ್ನಡ ಕಿರುತೆರೆಯ ಧಾರಾವಾಹಿಗಳ ಕುರಿತು ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಎರಡು ಬಗೆಯ ಬರಹ. ಯಾವ ನಟಿ ಯಾವ ಧಾರಾವಾಹಿಯಿಂದ ಹೊರನಡೆದರು, ಅವರ ಜಾಗಕ್ಕೆ ಯಾರು ಬಂದರು ಎಂಬ ಸುದ್ದಿ ಒಂದು; ಧಾರಾವಾಹಿಗಳಿಂದ ಸಂಸಾರಗಳು ಹಾಳಾಗುತ್ತಿವೆ ಎಂಬ ಸಾರಾಸಗಟು ತೀರ್ಪು ಇನ್ನೊಂದು. ಇವೆರಡರ ನಡುವೆ, ದಿನವೂ ಸಂಜೆ ಟಿ.ವಿ. ಮುಂದೆ ಕುಳಿತು, ನೋಡುತ್ತಲೇ ಗೊಣಗುವ, ಗೊಣಗುತ್ತಲೇ ಮರುದಿನವೂ ನೋಡುವ ನಮ್ಮಂಥವರಿಗೆ ನಿಜವಾಗಿ ಏನು ಬೇಕಾಗಿದೆ ಎಂದು ವಿಚಾರಿಸಿದವರು ವಿರಳ. ವೀಕ್ಷಕರ ನಿರೀಕ್ಷೆ ಈಚಿನ ವರ್ಷಗಳಲ್ಲಿ ಏರಿದೆ ಎಂಬುದನ್ನು ವಾಹಿನಿಗಳೂ ಬಲ್ಲವು. ಆದರೆ ಅದನ್ನು ಪೂರೈಸಲು ಅವು ಹಿಡಿದ ದಾರಿಯನ್ನು ನೋಡಿದರೆ, ಮೊದಲಿಗಿಂತ ದೊಡ್ಡ ಬಂಗಲೆ, ಡ್ರೋನ್‌ನಿಂದ ತೆಗೆದ ದೃಶ್ಯ, ಸಿನಿಮಾದ ಟ್ರೇಲರನ್ನೂ ಮೀರಿಸುವ ಪ್ರೋಮೊ, ಅರ್ಧ ಗಂಟೆಯ ಬದಲು ಒಂದು ಗಂಟೆಯ ಸಂಚಿಕೆ, ಇವೇ ಕಾಣುತ್ತವೆ. ನಾವು ಕೇಳಿದ್ದು ಇದಾವುದನ್ನೂ ಅಲ್ಲ. ಪಾತ್ರಗಳು ತಾವು ಮಾಡಿದ್ದಕ್ಕೆ ಕಾರಣ ಹೇಳಬೇಕು, ಹೇಳಬೇಕಾದದ್ದನ್ನು ಹೇಳಿದ ಮೇಲೆ ಕಥೆ ಮುಗಿಯಬೇಕು ಎಂಬಷ್ಟೇ ನಮ್ಮ ಬೇಡಿಕೆ. ಅದಕ್ಕೆ ಬೇಕಾದದ್ದು ಹೆಚ್ಚಿನ ಹಣವಲ್ಲ, ಬರೆಯುವವರಿಗೆ ಒಂದಿಷ್ಟು ಸಮಯ.

ಮೊಬೈಲಿನಲ್ಲಿ ಕೊರಿಯಾದ ಸರಣಿ, ಮಲಯಾಳದ ಸಿನಿಮಾ ನೋಡಿ ನೋಡಿ ಜನರಿಗೆ ಈ ಹೊಸ ರುಚಿ ಹತ್ತಿದೆ ಎಂದು ಹೇಳುವವರಿದ್ದಾರೆ. ಅದರಲ್ಲಿ ಸ್ವಲ್ಪ ನಿಜ ಇಲ್ಲದಿಲ್ಲ. ಆದರೆ ಕರಾವಳಿಯವರ ಮಟ್ಟಿಗೆ ಈ ನಿರೀಕ್ಷೆ ಹೊಸದೂ ಅಲ್ಲ, ಹೊರಗಿನಿಂದ ಬಂದದ್ದೂ ಅಲ್ಲ. ವೇಷ, ಕುಣಿತಗಳಿಲ್ಲದೆ ಹಾಡು ಮತ್ತು ಮಾತಿನಲ್ಲೇ ಯಕ್ಷಗಾನ ಪ್ರಸಂಗ ನಡೆಸುವ ತಾಳಮದ್ದಳೆಯ ಸಭೆಯಲ್ಲಿ ಕುಳಿತು ಅಭ್ಯಾಸವಿರುವವರನ್ನು ಕೇಳಿ ನೋಡಿ. 'ವಾಲಿವಧೆ' ಪ್ರಸಂಗದಲ್ಲಿ ರಾಮನ ಬಾಣ ವಾಲಿಯ ಎದೆಗೆ ನಾಟುತ್ತದೆ ಎಂಬುದು ಸಭೆಯಲ್ಲಿರುವ ಮಕ್ಕಳಿಗೂ ಗೊತ್ತು. ಮುಂದೇನಾಗುವುದೋ ಎಂಬ ಕುತೂಹಲದಿಂದ ಅಲ್ಲಿ ಯಾರೂ ಕೂರುವುದಿಲ್ಲ. ಬಾಣ ತಾಗಿ ಬಿದ್ದ ಮೇಲೆ ವಾಲಿ ಏನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದದ್ದಕ್ಕೆ ರಾಮ ಏನು ಸಮಾಧಾನ ಹೇಳುತ್ತಾನೆ, ಆ ಸಮಾಧಾನವನ್ನು ವಾಲಿ ಒಪ್ಪುತ್ತಾನೋ, ಒಪ್ಪಿದರೆ ಯಾವ ಮಾತಿಗೆ ಒಪ್ಪುತ್ತಾನೆ ಎಂಬುದಕ್ಕಾಗಿ ಕೂರುತ್ತಾರೆ. ಪಾತ್ರವಾಗಿ ಮಾತಾಡುವ ಅರ್ಥಧಾರಿಗಳಲ್ಲಿ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ, ಮಾಗಧ ಪಾತ್ರಗಳನ್ನು ಈಗಲೂ ಜನ ನೆನೆಯುವುದು ಅವರು ಪ್ರತಿನಾಯಕನಿಗೂ ಅವನದೇ ಆದ ನ್ಯಾಯವೊಂದನ್ನು ಕಟ್ಟಿಕೊಡುತ್ತಿದ್ದರು ಎಂಬ ಕಾರಣಕ್ಕೆ. ಎದುರಿನ ಅರ್ಥಧಾರಿ ಪ್ರಶ್ನೆ ಎತ್ತಿದಾಗ ಉತ್ತರ ಕೊಡದೆ, ಹಾಡುವ ಭಾಗವತರಿಂದ ಮುಂದಿನ ಪದ್ಯ ಎತ್ತಿಸಿಕೊಂಡು ಪಾರಾಗುವ ಕಲಾವಿದನನ್ನು ಸಭೆ ಕ್ಷಮಿಸುವುದಿಲ್ಲ. ಕೂಟ ಮುಗಿದ ಮೇಲೆ ಚಹಾ ಕುಡಿಯುವಾಗ ಆ ಮಾತು ಬಂದೇ ಬರುತ್ತದೆ. ಅಕ್ಷರ ಬಾರದ ಅಜ್ಜಿಯಂದಿರೂ ಈ ಲೆಕ್ಕ ಇಟ್ಟುಕೊಂಡಿರುವ ಊರು ನಮ್ಮದು.

ಇಂಥ ಪ್ರೇಕ್ಷಕರ ಮುಂದೆ ಧಾರಾವಾಹಿ ಏನನ್ನು ಇಡುತ್ತದೆ? ನಾಯಕಿಯ ಮೇಲೆ ಆರೋಪ ಬರುತ್ತದೆ. ಮನೆಯವರೆಲ್ಲ ಹಾಲ್‌ನಲ್ಲಿ ಸಾಲಾಗಿ ನಿಲ್ಲುತ್ತಾರೆ. ಅತ್ತೆ ಪ್ರಶ್ನೆ ಕೇಳುತ್ತಾಳೆ. ಕ್ಯಾಮೆರಾ ಒಂದೊಂದು ಮುಖದ ಮೇಲೂ ಮೂರು ಮೂರು ಬಾರಿ ಹೋಗಿ ಬರುತ್ತದೆ, ಸಿಡಿಲಿನಂಥ ಸದ್ದಾಗುತ್ತದೆ, ಸಂಚಿಕೆ ಮುಗಿಯುತ್ತದೆ. ಮರುದಿನ ಅದೇ ಪ್ರಶ್ನೆಯಿಂದ ಆರಂಭ. ನಾಯಕಿ ಬಾಯಿ ತೆರೆಯುವಷ್ಟರಲ್ಲಿ ಯಾರಿಗೋ ಎದೆನೋವು ಬರುತ್ತದೆ, ಇಲ್ಲವೇ ಬಾಗಿಲಲ್ಲಿ ಹೊಸಬರೊಬ್ಬರು ನಿಂತಿರುತ್ತಾರೆ. ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದಾದ ವಿಷಯವನ್ನು ಹೇಳದೆ ಉಳಿಸಿಕೊಂಡೇ ಮೂರು ತಿಂಗಳು ಕಥೆ ನಡೆಯುತ್ತದೆ. ಅವಳು ಏಕೆ ಸುಮ್ಮನಿದ್ದಾಳೆ ಎಂಬುದಕ್ಕೆ ಅವಳ ಸ್ವಭಾವದಲ್ಲಾಗಲಿ, ಪರಿಸ್ಥಿತಿಯಲ್ಲಾಗಲಿ ಕಾರಣವಿಲ್ಲ. ಅವಳು ಮಾತಾಡಿದರೆ ಕಥೆ ಮುಗಿಯುತ್ತದೆ ಎಂಬುದೇ ಕಾರಣ. ಹೇಳಲಾಗದ ಸಂಕಟದಿಂದ ಸುಮ್ಮನಿರುವ ಹೆಂಗಸರನ್ನು ನಾವು ನಮ್ಮ ಮನೆಗಳಲ್ಲೇ ಕಂಡಿದ್ದೇವೆ. ಅಂಥ ಮೌನಕ್ಕೆ ಭಾರವಿರುತ್ತದೆ, ಮತ್ತು ಅದನ್ನು ಬರೆಯಬಲ್ಲವರು ಕನ್ನಡದಲ್ಲಿ ಇಲ್ಲವೆಂದಲ್ಲ. ಧಾರಾವಾಹಿಯ ಮೌನದಲ್ಲಿ ಮಾತ್ರ ಸಂಚಿಕೆಗಳ ಲೆಕ್ಕ ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ.

ಹಲವು ಧಾರಾವಾಹಿಗಳು ಬೇರೆ ಭಾಷೆಯ ಕಥೆಗಳನ್ನು ಆಧರಿಸಿದವು ಎಂಬ ಆಕ್ಷೇಪವನ್ನೂ ಆಗಾಗ ಕೇಳುತ್ತೇವೆ. 'ಜೊತೆ ಜೊತೆಯಲಿ' ಮರಾಠಿಯಿಂದ ಬಂತು, 'ಪುಟ್ಟಕ್ಕನ ಮಕ್ಕಳು' ತೆಲುಗಿನಿಂದ, 'ಅಮೃತಧಾರೆ' ಹಿಂದಿಯಿಂದ. ಮೂಲ ಧಾರಾವಾಹಿ ಮೊಬೈಲಿನಲ್ಲಿ ಸಿಗುವುದರಿಂದ ಮುಂದಿನ ಕಥೆ ಮೊದಲೇ ಗೊತ್ತಾಗುತ್ತದೆ ಎಂಬುದು ದೂರು. ನನಗೆ ಇದು ದೊಡ್ಡ ದೋಷವಾಗಿ ಕಾಣುವುದಿಲ್ಲ. ಗೊತ್ತಿರುವ ಕಥೆಯನ್ನೇ ನೂರು ಸಲ ನೋಡಿಯೂ ಬೇಸರಪಡದ ಜನ ನಾವು. ಕಥೆ ಎಲ್ಲಿಂದಾದರೂ ಬರಲಿ, ಇಲ್ಲಿಯ ಮನೆಯೊಳಗೆ ಬಂದ ಮೇಲೆ ಇಲ್ಲಿಯವರಂತೆ ವಾದಿಸಲಿ, ಇಲ್ಲಿಯವರಂತೆ ಸಿಟ್ಟು ಮಾಡಲಿ, ಇಲ್ಲಿಯವರಂತೆ ಸಂಧಾನಕ್ಕೆ ಕೂರಲಿ.

ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಬ್ಯಾಂಕುಗಳನ್ನು ಹುಟ್ಟಿಸಿದ ಜಿಲ್ಲೆಯಲ್ಲಿ ಇದೇನೂ ವಿಶೇಷ ಪರಿಚಯವಲ್ಲ. ನಮ್ಮ ಬೀದಿಯಲ್ಲೇ ಇಂಥವರು ಹಲವರಿದ್ದಾರೆ. ಆದರೆ ಧಾರಾವಾಹಿಗಳಲ್ಲಿ ಬರುವ ಸಾಲ, ಜಪ್ತಿ, ಆಸ್ತಿ ಬರೆಸಿಕೊಳ್ಳುವ ದೃಶ್ಯಗಳನ್ನು ನೋಡುವಾಗ ಸುಮ್ಮನೆ ಕೂರುವುದು ನನ್ನಿಂದ ಆಗುವುದಿಲ್ಲ, ಮನೆಯವರು ಬೈದರೂ ಸರಿ. ಖಳನಾಯಕಿ ಖಾಲಿ ಕಾಗದಕ್ಕೆ ಮಾವನ ಸಹಿ ಹಾಕಿಸಿಕೊಳ್ಳುತ್ತಾಳೆ. ಮರುದಿನ ಬೆಳಗ್ಗೆ ಬಂಗಲೆ, ಕಂಪನಿ, ತೋಟ ಎಲ್ಲವೂ ಅವಳದ್ದಾಗುತ್ತವೆ. 1908ರ ನೋಂದಣಿ ಕಾಯ್ದೆಯ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕು ಕ್ರಯದಿಂದ ಕೈ ಬದಲಾಗಬೇಕಾದರೆ ಪತ್ರ ನೋಂದಣಿಯಾಗಲೇಬೇಕು, ದಾನಪತ್ರಕ್ಕಂತೂ ಬೆಲೆ ಎಷ್ಟೇ ಇರಲಿ ನೋಂದಣಿ ತಪ್ಪಿದ್ದಲ್ಲ ಎಂಬುದು ಆಸ್ತಿ ಪಾಲು ಮಾಡಿಕೊಂಡ ಯಾವುದೇ ಕುಟುಂಬಕ್ಕೆ ಗೊತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬರೆದುಕೊಡುವವರೂ ಬರೆಸಿಕೊಳ್ಳುವವರೂ ಹಾಜರಿರಬೇಕು, ಫೋಟೊ ಹಿಡಿಸಬೇಕು, ಹೆಬ್ಬೆಟ್ಟು ಒತ್ತಬೇಕು. ಧಾರಾವಾಹಿಯ ಮಾವನಿಗೆ ಇದು ಯಾವುದೂ ಅನ್ವಯಿಸುವುದಿಲ್ಲ.

ಜಪ್ತಿಯ ದೃಶ್ಯ ಇನ್ನೂ ವಿಚಿತ್ರ. ಮಧ್ಯಾಹ್ನ ಬ್ಯಾಂಕಿನವರು ಜೀಪಿನಲ್ಲಿ ಬರುತ್ತಾರೆ, ಸಂಜೆಯೊಳಗೆ ಪಾತ್ರೆ ಪಗಡೆ, ದೇವರ ಪಟ ಎಲ್ಲವನ್ನೂ ಅಂಗಳಕ್ಕೆ ಎಸೆಯುತ್ತಾರೆ. ವಾಸ್ತವದಲ್ಲಿ ಕಂತು ತಪ್ಪಿ 90 ದಿನ ಕಳೆದ ಮೇಲಷ್ಟೇ ಸಾಲದ ಖಾತೆ ಅನುತ್ಪಾದಕ (ಎನ್‌ಪಿಎ) ಎನಿಸುತ್ತದೆ. ಆಮೇಲೆ ಬ್ಯಾಂಕುಗಳ ಸಾಲ ವಸೂಲಿಗೆಂದು ಇರುವ 2002ರ ಸರ್ಫೇಸಿ ಕಾಯ್ದೆಯಂತೆ 60 ದಿನಗಳ ನೋಟಿಸು ಕೊಡಬೇಕು. ಸಾಲಗಾರ ಆಕ್ಷೇಪ ಬರೆದುಕೊಟ್ಟರೆ ಅದಕ್ಕೆ ಬ್ಯಾಂಕು ಕಾರಣಸಹಿತ ಉತ್ತರ ನೀಡಬೇಕು. ಸ್ವಾಧೀನದ ನೋಟಿಸನ್ನು ಮನೆಗೆ ಅಂಟಿಸಿ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲಿ ಒಂದು ಆ ಪ್ರದೇಶದ ಭಾಷೆಯದ್ದಾಗಿರಬೇಕು. ಇದನ್ನೆಲ್ಲ ನಾನು ಕಾನೂನು ಪಾಂಡಿತ್ಯ ತೋರಿಸಲು ಬರೆಯುತ್ತಿಲ್ಲ. ಆ ಅರುವತ್ತು ದಿನಗಳಲ್ಲಿ ಒಂದು ಮನೆಯೊಳಗೆ ಏನೇನು ನಡೆಯುತ್ತದೆ ಎಂಬುದನ್ನು ಬ್ಯಾಂಕಿನ ಮೇಜಿನ ಈಚೆ ಬದಿಯಿಂದ ನೋಡಿದವರು ಮರೆಯಲಾರರು. ನೋಟಿಸು ಬಂದದ್ದನ್ನು ಯಜಮಾನ ಹೆಂಡತಿಯಿಂದ ಮುಚ್ಚಿಡುತ್ತಾನೆ. ಮುಂಬೈಯಲ್ಲಿರುವ ತಮ್ಮನಿಗೆ ಫೋನು ಮಾಡಿ, ವಿಷಯ ಹೇಳದೆ ಹವೆ ಹೇಗಿದೆ ಎಂದು ಕೇಳಿ ಇಡುತ್ತಾನೆ. ಮಗಳು ತನ್ನ ಬಳೆಗಳನ್ನು ತಂದು ಚಿನ್ನದ ಸಾಲದ ಕೌಂಟರಿನಲ್ಲಿ ಇಡುತ್ತಾಳೆ, ಅಪ್ಪನಿಗೆ ಗೊತ್ತಾಗಬಾರದು ಎಂದು ಕೇಳಿಕೊಳ್ಳುತ್ತಾಳೆ. ಅಕ್ಕಪಕ್ಕದವರು ಪತ್ರಿಕೆಯ ಪ್ರಕಟಣೆ ಓದಿಯೂ ಓದದವರಂತೆ ನಡೆದುಕೊಳ್ಳುತ್ತಾರೆ, ಕೆಲವರು ಹಾಗೆ ನಡೆದುಕೊಳ್ಳುವುದೂ ಇಲ್ಲ. ಇಷ್ಟನ್ನು ಇಟ್ಟುಕೊಂಡು ಎಂಥ ಸಂಚಿಕೆಗಳನ್ನು ಬರೆಯಬಹುದಿತ್ತು! ಕಥೆಗಾರರು ಕಾನೂನನ್ನು ತಿಳಿದುಕೊಂಡಿದ್ದರೆ ನಾಟಕ ಕಡಿಮೆಯಾಗುತ್ತಿರಲಿಲ್ಲ, ಹೆಚ್ಚಾಗುತ್ತಿತ್ತು. ಜೀಪು ತರಿಸಿ ಪಾತ್ರೆ ಎಸೆದು, ಅವರು ತಮ್ಮ ಕೈಯಲ್ಲಿದ್ದ ಅರುವತ್ತು ದಿನಗಳ ನಾಟಕವನ್ನು ಒಂದೇ ಸಂಜೆಗೆ ಮುಗಿಸಿಬಿಟ್ಟರು.

ಆಸ್ಪತ್ರೆಯ ದೃಶ್ಯಗಳ ಕಥೆಯೂ ಹೀಗೆಯೇ. ಮೃತಳಾದ ಹೆಣ್ಣಿನ ಹೃದಯವನ್ನು ಪಡೆದವಳು ಯಾರೆಂದು ಸುಲಭವಾಗಿ ತಿಳಿದುಬಿಡುತ್ತದೆ, ಅವಳು ಅದೇ ಮನೆಗೆ ಬರುತ್ತಾಳೆ, ಹೃದಯದ ಜೊತೆಗೆ ನೆನಪುಗಳೂ ಬರುತ್ತವೆ. ನಮ್ಮ ರಾಜ್ಯದಲ್ಲಿ ಅಂಗಾಂಗ ಹಂಚಿಕೆಯನ್ನು 'ಜೀವಸಾರ್ಥಕತೆ' ಸಂಸ್ಥೆಯ ಮೂಲಕ, ಸರದಿಯ ಪ್ರಕಾರ ಮಾಡಲಾಗುತ್ತದೆ. ಕೊಟ್ಟವರ ಮತ್ತು ಪಡೆದವರ ಗುರುತನ್ನು ಗುಟ್ಟಾಗಿ ಇಡುವುದು ರೂಢಿ. ಮಿದುಳು ನಿಷ್ಕ್ರಿಯಗೊಂಡವರ ಅಂಗಾಂಗ ದಾನಕ್ಕೆ ಮನೆಯವರನ್ನು ಒಪ್ಪಿಸುವುದೇ ಕಷ್ಟವಾಗಿರುವ ಕಾಲದಲ್ಲಿ ಇಂಥ ಕಲ್ಪನೆಗಳು ಯಾರನ್ನು ಹೇಗೆ ತಟ್ಟುತ್ತವೆ ಎಂದು ಬರೆಯುವ ಮುನ್ನ ಯೋಚಿಸಬೇಕಿತ್ತು.

ಹೀಗೆ ಹೇಳುವಾಗ, ಹಿಂದೆ ಎಲ್ಲವೂ ಚೆನ್ನಾಗಿತ್ತು, ಈಗ ಎಲ್ಲವೂ ಹಾಳಾಗಿದೆ ಎಂಬ ಹಳಬರ ರಾಗವನ್ನು ನಾನು ಹಾಡುತ್ತಿಲ್ಲ. ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' ತೊಂಬತ್ತರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ಬರುತ್ತಿದ್ದಾಗ ಜನ ಅದಕ್ಕಾಗಿ ಕಾದು ಕೂರುತ್ತಿದ್ದುದು ನಿಜ, ಅವರೇ ಸಿ.ಎಸ್.ಪಿ. ಎಂಬ ವಕೀಲನಾಗಿ ನಟಿಸಿದ ಧಾರಾವಾಹಿಗಳ ನ್ಯಾಯಾಲಯದ ದೃಶ್ಯಗಳಲ್ಲಿ ಸಾಕ್ಷಿಯನ್ನು ಕೇಳಿದ ಪ್ರಶ್ನೆಗೆ ಸಾಕ್ಷಿ ಉತ್ತರ ಕೊಡಬೇಕಾಗುತ್ತಿತ್ತು, ಆ ಉತ್ತರದಿಂದ ಕಥೆ ಒಂದು ಹೆಜ್ಜೆ ಸರಿಯುತ್ತಿತ್ತು ಎಂಬುದೂ ನಿಜ. ಆದರೆ ಈಚಿನವುಗಳಲ್ಲೂ ಮನಸ್ಸಿಗೆ ಹಿಡಿಸಿದ ಭಾಗಗಳಿವೆ. 'ಕನ್ನಡತಿ'ಯಲ್ಲಿ ಸಂಚಿಕೆಯ ಕೊನೆಗೆ ಪದಗಳ ಸರಿಯಾದ ಬಳಕೆಯನ್ನು ಹೇಳಿಕೊಡುತ್ತಿದ್ದರು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡಿ, ದಿನದ ಕನ್ನಡವನ್ನು ಹೆಚ್ಚಾಗಿ ಟಿ.ವಿ.ಯಲ್ಲೇ ಕೇಳುವ ನಮ್ಮ ಕಡೆಯ ಮಕ್ಕಳಿಗೆ ಅದು ಉಪಕಾರವಾಗಿತ್ತು. 2022ರಲ್ಲಿ ಆರಂಭವಾದ 'ಭಾಗ್ಯಲಕ್ಷ್ಮಿ'ಯಲ್ಲಿ, ಬೆಳೆದ ಮಗಳಿರುವ ಗೃಹಿಣಿ ಮತ್ತೆ ಶಾಲೆಯ ಮೆಟ್ಟಿಲು ಹತ್ತಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ ಭಾಗವನ್ನು ನಮ್ಮ ನೆರೆಹೊರೆಯಲ್ಲಿ ಎಷ್ಟು ಆಸ್ಥೆಯಿಂದ ನೋಡಿದರೆಂದರೆ, ಅರ್ಧಕ್ಕೆ ಶಾಲೆ ಬಿಟ್ಟವರು ತಮ್ಮ ಕಾಲದ ಮೇಷ್ಟರ ಹೆಸರು ತೆಗೆದು ಮಾತಾಡತೊಡಗಿದರು. 'ಅಮೃತಧಾರೆ' ಹರೆಯ ದಾಟಿದ ಇಬ್ಬರ ಮದುವೆಯನ್ನು ಗೇಲಿ ಮಾಡದೆ, ಮರ್ಯಾದೆಯಿಂದ ತೋರಿಸಿತು. ರಾಜೇಶ್ ನಟರಂಗ ಮತ್ತು ಛಾಯಾ ಸಿಂಗ್ ಅವರ ನಡುವಿನ ಸಂಕೋಚದ ಮಾತುಕತೆಗಳಿಗೆ ಸಿಡಿಲಿನ ಸದ್ದು ಬೇಕಾಗಿರಲಿಲ್ಲ. ಈ ಭಾಗಗಳನ್ನು ಜನ ಮೆಚ್ಚಿದರು ಎಂಬುದೇ ವೀಕ್ಷಕರ ನಿರೀಕ್ಷೆ ಎತ್ತ ಸಾಗಿದೆ ಎಂಬುದಕ್ಕೆ ಪುರಾವೆ. ಬೇಸರವೆಂದರೆ, ಇಂಥ ಧಾರಾವಾಹಿಗಳೂ ಒಂದು ಹಂತ ದಾಟಿದ ಮೇಲೆ ಅದೇ ಅಪಹರಣ, ಅದೇ ವಿಷದ ಲೋಟ, ಅದೇ ಸೇಡಿನ ಅತ್ತಿಗೆಯ ದಾರಿಗೆ ಹೊರಳುತ್ತವೆ.

ಏಕೆ ಹೊರಳುತ್ತವೆ ಎಂಬುದು ಗುಟ್ಟೇನಲ್ಲ. ದೂರದರ್ಶನದ ಕಾಲದಲ್ಲಿ ವಾರಕ್ಕೊಂದರಂತೆ 13 ಕಂತು ಎಂಬ ಲೆಕ್ಕವಿತ್ತು. ಮೂಲ್ಕಿಯ ಸದಾನಂದ ಸುವರ್ಣರು ನಿರ್ದೇಶಿಸಿದ 'ಗುಡ್ಡದ ಭೂತ' ಆ ಲೆಕ್ಕದೊಳಗೇ ನಮ್ಮ ಊರು, ನಮ್ಮ ಗುಡ್ಡ, ನಮ್ಮ ಭಯಗಳನ್ನು ತೋರಿಸಿ ಮುಗಿಯಿತು. ಪ್ರಕಾಶ್ ರೈ ಅವರ ಆರಂಭದ ದಿನಗಳ ಪಾತ್ರ ಅದರಲ್ಲಿತ್ತು. ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಹಿಂದಿಯಲ್ಲಿದ್ದರೂ ಘಟ್ಟದ ಕೆಳಗಿನವರಿಗೆ ಮನೆಯ ಮಾತಿನಂತೆ ಆಪ್ತವಾಯಿತು. 1994ರಲ್ಲಿ ಉದಯ, 2000ದಲ್ಲಿ ಈಟಿವಿ, 2006ರಲ್ಲಿ ಜೀ, 2007ರಲ್ಲಿ ಸುವರ್ಣ, ಹೀಗೆ ಖಾಸಗಿ ವಾಹಿನಿಗಳು ಬಂದ ಮೇಲೆ ಧಾರಾವಾಹಿ ದಿನಕ್ಕೊಂದು ಸಂಚಿಕೆಯದ್ದಾಯಿತು. 'ಅಗ್ನಿಸಾಕ್ಷಿ' 2013ರ ಕೊನೆಯಲ್ಲಿ ಶುರುವಾಗಿ 2020ರ ಜನವರಿಯವರೆಗೆ ನಡೆಯಿತು. 2024ರ ಜನವರಿಯಲ್ಲಿ ಬಂದ 'ಲಕ್ಷ್ಮೀ ನಿವಾಸ' ಒಂದು ಗಂಟೆಯ ಸಂಚಿಕೆಗಳೊಂದಿಗೇ ಆರಂಭವಾಯಿತು. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಬಾರದೆಂಬ ನಿಯಮವಿದ್ದು, ಶೀರ್ಷಿಕೆ, ಹಿಂದಿನ ದಿನದ ಪುನರಾವರ್ತನೆ ಎಲ್ಲವನ್ನೂ ಕಳೆದರೂ ಗಂಟೆಯ ಸಂಚಿಕೆಗೆ ಪ್ರತಿದಿನ ಮುಕ್ಕಾಲು ಗಂಟೆಗೆ ಹತ್ತಿರ ಹತ್ತಿರ ಹೊಸ ಕಥೆ ಬೇಕು. ಮೂರು ದಿನಕ್ಕೊಂದು ಸಿನಿಮಾದಷ್ಟು ಬರೆಯುವ ಕೆಲಸ ಇದು. ಯಾವ ಸರಸ್ವತೀಪುತ್ರನಿಗೂ ಅದು ವರ್ಷಗಟ್ಟಲೆ ಸಾಧ್ಯವಿಲ್ಲ. ಬರೆಯುವವರನ್ನು, ಹಗಲು ರಾತ್ರಿ ಚಿತ್ರೀಕರಣದಲ್ಲಿ ದಣಿಯುವ ನಟರನ್ನು, ತಂತ್ರಜ್ಞರನ್ನು ನಾನು ದೂರುವುದಿಲ್ಲ. ಇಡೀ ರಾತ್ರಿಯ ಯಕ್ಷಗಾನ ಆಟವೇ ಅನೇಕ ಮೇಳಗಳಲ್ಲಿ ಕಾಲಮಿತಿಗೆ ಒಗ್ಗಿಕೊಂಡು, ಪ್ರಸಂಗವನ್ನು ಕೆಲವೇ ಗಂಟೆಗಳಲ್ಲಿ ಕಟ್ಟಿ ಮುಗಿಸುವುದನ್ನು ಕಲಿತಿರುವಾಗ, ಧಾರಾವಾಹಿಯವರು ಮಾತ್ರ ಮುಗಿಸುವುದನ್ನು ಸೋಲೆಂದು ಏಕೆ ಭಾವಿಸಬೇಕು ಎಂಬುದು ನನ್ನ ಪ್ರಶ್ನೆ.

ಉತ್ತರವಾಗಿ ವಾಹಿನಿಗಳು ಟಿ.ಆರ್.ಪಿ.ಯನ್ನು ತೋರಿಸುತ್ತವೆ. ಟಿ.ವಿ. ವೀಕ್ಷಣೆಯನ್ನು ಅಳೆಯುವ ಬಾರ್ಕ್ ಸಂಸ್ಥೆ 2015ರಿಂದ ಈ ಅಂಕಿಗಳನ್ನು ಕೊಡುತ್ತಿದೆ. ಪ್ರತಿ ಗುರುವಾರ ಬರುವ ಅಂಕಿ ನೋಡಿ ಮುಂದಿನ ವಾರದ ಕಥೆ ತಿರುಗುತ್ತದೆ. ಇಡೀ ದೇಶದಲ್ಲಿ 50,000ಕ್ಕೂ ಹೆಚ್ಚು ಮನೆಗಳಲ್ಲಿ ಅಳವಡಿಸಿದ ಮೀಟರುಗಳು ಯಾವ ವಾಹಿನಿಯ ಧ್ವನಿ ಕೇಳಿಬರುತ್ತಿದೆ ಎಂಬುದನ್ನು ಗುರುತಿಸುತ್ತವೆ. ಟಿ.ವಿ. ಎಷ್ಟು ಹೊತ್ತು ಓಡಿತು, ಯಾರು ಮುಂದಿದ್ದರು ಎಂಬುದು ಅದರಿಂದ ತಿಳಿಯುತ್ತದೆ. ನೋಡಿದವರು ಮೆಚ್ಚಿದರೋ, ಬೈದುಕೊಂಡರೋ, ಬಸಳೆ ಸೋಸುತ್ತ ಕಿವಿ ಮಾತ್ರ ಆ ಕಡೆ ಇಟ್ಟಿದ್ದರೋ ಎಂಬುದು ತಿಳಿಯುವುದಿಲ್ಲ. ಅಪಹರಣದ ವಾರ ಅಂಕಿ ಏರಿತೆಂದರೆ ಜನರಿಗೆ ಅಪಹರಣ ಇಷ್ಟವೆಂದು ಅರ್ಥವಲ್ಲ. ತಮಗೆ ಇಷ್ಟವಾದ ಪಾತ್ರಕ್ಕೆ ಏನೂ ಆಗದಿರಲಿ ಎಂದು ಕುಳಿತವರ ಸಂಖ್ಯೆ ಅದು. ಅವರ ಕಾಳಜಿಯನ್ನೇ ಬಂಡವಾಳ ಮಾಡಿಕೊಂಡು ಮುಂದಿನ ತಿಂಗಳು ಇನ್ನೊಂದು ಅಪಹರಣ ಮಾಡಿಸುವುದು ಎಷ್ಟು ಸರಿ?

ಬೇಡವಾದರೆ ರಿಮೋಟ್ ನಿಮ್ಮ ಕೈಯಲ್ಲೇ ಇದೆಯಲ್ಲ ಎನ್ನುವವರು ನಮ್ಮ ಜಿಲ್ಲೆಗಳ ಮನೆಗಳನ್ನು ಕಂಡವರಲ್ಲ. ಮಕ್ಕಳು ಬೆಂಗಳೂರು, ಮುಂಬೈ, ಕೊಲ್ಲಿ ದೇಶಗಳನ್ನು ಸೇರಿ, ಹಿರಿಯರಿಬ್ಬರೇ, ಎಷ್ಟೋ ಕಡೆ ಒಬ್ಬರೇ ಉಳಿದಿರುವ ಮನೆಗಳು ಉಡುಪಿ, ಮಂಗಳೂರಿನ ಸುತ್ತ ಬೇಕಾದಷ್ಟಿವೆ. ಅಂಥ ಮನೆಯ ತಾಯಿ ಇಲ್ಲಿ ಟಿ.ವಿ.ಯಲ್ಲಿ ನೋಡಿದ ಸಂಚಿಕೆಯನ್ನು ದುಬೈಯಲ್ಲಿರುವ ಮಗಳು ಮೊಬೈಲಿನಲ್ಲಿ ನೋಡಿರುತ್ತಾಳೆ. ಇಬ್ಬರ ಫೋನ್ ಮಾತಿನಲ್ಲಿ ಕಾಲುಭಾಗ ಆ ಧಾರಾವಾಹಿಯದ್ದೇ. ಅವರಿಬ್ಬರ ನಡುವೆ ದಿನಾ ಆಡಲು ಒಂದು ವಿಷಯವನ್ನು ಕೊಟ್ಟದ್ದಕ್ಕೆ ಧಾರಾವಾಹಿಗಳಿಗೆ ಋಣಿಯಾಗಿರಬೇಕು. ಇದನ್ನು ಬಲ್ಲವನಾದ್ದರಿಂದಲೇ ಧಾರಾವಾಹಿ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಆ ತಾಯಿ ಮಗಳಿಬ್ಬರೂ ಧಾರಾವಾಹಿಯ ಪಾತ್ರಗಳಿಗಿಂತ ಹೆಚ್ಚು ವಿವೇಕದಿಂದ ಮಾತಾಡುತ್ತಾರೆ, ಆದ್ದರಿಂದ ಪಾತ್ರಗಳ ವಿವೇಕ ಸ್ವಲ್ಪ ಏರಲಿ ಎನ್ನುತ್ತಿದ್ದೇನೆ.

ನಮ್ಮ ಕಡೆಯವರನ್ನು ತೋರಿಸುವ ರೀತಿಯ ಬಗ್ಗೆಯೂ ಒಂದು ಮಾತು. ಮಂಗಳೂರು ಕನ್ನಡ ಮಾತಾಡುವ ಪಾತ್ರವೆಂದರೆ ಅಡುಗೆಭಟ್ಟ, ಹೋಟೆಲಿನವ, ಇಲ್ಲವೇ ಪ್ರತಿ ವಾಕ್ಯಕ್ಕೂ 'ಮಾರಾಯ್ರೆ' ಸೇರಿಸಿ ನಗಿಸುವವ. 'ಗಿಣಿರಾಮ'ದಲ್ಲಿ ಉತ್ತರ ಕರ್ನಾಟಕದ ಮಾತು ನಾಯಕ ನಾಯಕಿಯರ ಬಾಯಲ್ಲೇ ಬಂದು ಎಲ್ಲರ ಮೆಚ್ಚುಗೆ ಪಡೆದ ಮೇಲೂ, ಕುಂದಾಪುರದ ಅಥವಾ ಪುತ್ತೂರಿನ ಕನ್ನಡದಲ್ಲಿ ಒಬ್ಬಳು ನಾಯಕಿ ಅಳುವುದನ್ನೂ ವಾದಿಸುವುದನ್ನೂ ವರ್ಷಗಟ್ಟಲೆ ಕೇಳುವ ಯೋಗ ನಮಗಿನ್ನೂ ಬಂದಿಲ್ಲ. 2022ರಲ್ಲಿ 'ಕಾಂತಾರ' ತೆರೆಕಂಡ ಮೇಲೆ ಕರಾವಳಿಯೆಂದರೆ ದೈವವೆಂದೇ ತಿಳಿದು, ವೇದಿಕೆಗಳಲ್ಲಿ ದೈವದ ವೇಷ ಅನುಕರಿಸುವುದೂ ಅದಕ್ಕೆ ಇಲ್ಲಿಯವರು ಆಕ್ಷೇಪಿಸುವುದೂ ಮತ್ತೆ ಮತ್ತೆ ನಡೆದಿದೆ. ಕರಾವಳಿಯಲ್ಲಿ ಬೀಡಿ ಕಟ್ಟಿದವರೂ, ಗೋಡಂಬಿ ಕಾರ್ಖಾನೆಯಲ್ಲಿ ದುಡಿದವರೂ, ಮಲ್ಪೆಯಲ್ಲಿ ಮೀನು ಮಾರುವವರೂ, ಬ್ಯಾಂಕಿನಲ್ಲಿ ವರ್ಗಾವಣೆಯಾಗಿ ಊರೂರು ಅಲೆದವರೂ ಇದ್ದಾರೆ. ಅವರ ಮನೆಗಳಲ್ಲೂ ಅತ್ತೆ ಸೊಸೆಯರಿದ್ದಾರೆ.

ಕಿರುತೆರೆ ಕೊಡದ್ದನ್ನು ಅಂತರ್ಜಾಲ ವೇದಿಕೆಗಳಾದರೂ ಕೊಡುತ್ತವೆಯೇ ಎಂದರೆ, ಕನ್ನಡದ ಮಟ್ಟಿಗೆ ಅದು ಈಗಷ್ಟೇ ಶುರು. ಕರಾವಳಿಯ ಬದುಕನ್ನೇ ಹಿಡಿದು ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ನಿರ್ಮಿಸಿದ, ಏಳು ಬಿಡಿಕಥೆಗಳ 'ಏಕಂ' ಸರಣಿಗೆ ದೊಡ್ಡ ವೇದಿಕೆಗಳು ಯಾವುವೂ ಮುಂದೆ ಬರದೆ, ಕೊನೆಗೆ 2024ರ ಜುಲೈಯಲ್ಲಿ ಅವರು ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಮರುವರ್ಷ ಜೀ5ರಲ್ಲಿ 'ಅಯ್ಯನ ಮನೆ' ಕೆಲವೇ ಕಂತುಗಳಲ್ಲಿ ಬಂದು ಮುಗಿಯಿತು, ಅದನ್ನು ನೋಡಿದವರೂ ಬಹಳ. ಸಾಮಾನ್ಯವಾಗಿ 16 ಕಂತುಗಳಲ್ಲಿ ಮುಗಿಯುವ ಕೊರಿಯಾದ ಸರಣಿಗಳನ್ನು ನಮ್ಮ ಕಾಲೇಜು ಹುಡುಗಿಯರು ನೋಡುವುದಕ್ಕೆ ಅಲ್ಲಿಯ ನಟರ ಚಂದವೊಂದೇ ಕಾರಣವಲ್ಲ. ಇಂತಿಷ್ಟು ಹೊತ್ತು ಕೊಟ್ಟರೆ ಕಥೆ ಪೂರ್ತಿ ಸಿಗುತ್ತದೆ ಎಂಬ ಭರವಸೆ ಅವರಿಗೆ ಮೊದಲ ದಿನವೇ ಇರುತ್ತದೆ. ಕಿರುತೆರೆಗೂ ಇದು ಆಗದ ಮಾತಲ್ಲ. ಆರಂಭದಲ್ಲೇ 150 ಸಂಚಿಕೆ ಎಂದು ಘೋಷಿಸಲಿ, ಮುಗಿಸಲಿ, ಪಾತ್ರಗಳನ್ನು ಜನ ಮತ್ತೆ ಕೇಳಿದರೆ ಬರೆಯಲು ಆರು ತಿಂಗಳು ತೆಗೆದುಕೊಂಡು ಎರಡನೆಯ ಭಾಗ ಮಾಡಲಿ. ನಟರು ನಡುವೆ ಬಿಟ್ಟುಹೋಗುವ, ಅವರ ಜಾಗಕ್ಕೆ ಬೇರೆ ಮುಖವನ್ನು ತಂದು ಕೂರಿಸುವ ಪೇಚಾಟವೂ ಅದರಿಂದ ಅರ್ಧಕ್ಕರ್ಧ ತಪ್ಪೀತು.

ಇದನ್ನೆಲ್ಲ ಸರ್ಕಾರದ ಮೂಲಕ ಮಾಡಿಸಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಕೇಬಲ್ ಟೆಲಿವಿಷನ್ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯಂತೆ ಪ್ರತಿ ವಾಹಿನಿಗೂ ಒಬ್ಬ ದೂರು ಅಧಿಕಾರಿ ಇರಬೇಕು, ಬಂದ ದೂರಿಗೆ 24 ಗಂಟೆಯೊಳಗೆ ಸ್ವೀಕೃತಿ, 15 ದಿನಗಳೊಳಗೆ ಉತ್ತರ ಕೊಡಬೇಕು. ಹೆಣ್ಣನ್ನು ಹೊಡೆಯುವುದನ್ನು ಸಹಜವೆಂಬಂತೆ ತೋರಿಸಿದಾಗ, ವಶೀಕರಣ, ಮಾಟವನ್ನು ನಿಜವೆಂದು ನಂಬಿಸಹೊರಟಾಗ ಈ ದಾರಿಯನ್ನು ಬಳಸಲೇಬೇಕು. ಫೇಸ್‌ಬುಕ್ಕಿನಲ್ಲಿ ಗೇಲಿಯ ಚಿತ್ರ ಹಂಚಿದರೆ ಆ ಧಾರಾವಾಹಿಗೆ ಪುಕ್ಕಟೆ ಪ್ರಚಾರ ಸಿಗುತ್ತದೆಯೇ ಹೊರತು ಬೇರೇನೂ ಆಗದು. ಆದರೆ ಕಥೆ ಸಪ್ಪೆಯಾಗಿದೆ, ಪಾತ್ರ ಸುಳ್ಳಾಗಿದೆ ಎಂಬುದು ದೂರು ಅಧಿಕಾರಿಯ ಬಳಿ ಹೇಳುವ ಮಾತಲ್ಲ, ವಿಮರ್ಶಕರು ಬರೆಯಬೇಕಾದ ಮಾತು.

ಆದ್ದರಿಂದ ಈ ಪತ್ರವನ್ನು ವಾಹಿನಿಗಳಿಗೆ ಬರೆಯದೆ ತಮಗೆ ಬರೆದಿದ್ದೇನೆ. ಶುಕ್ರವಾರ ಬಿಡುಗಡೆಯಾಗಿ ಮುಂದಿನ ಶುಕ್ರವಾರ ಚಿತ್ರಮಂದಿರದಲ್ಲಿ ಉಳಿಯದ ಸಿನಿಮಾಕ್ಕೂ ಪತ್ರಿಕೆಗಳು ಅರ್ಧ ಪುಟದ ವಿಮರ್ಶೆ ಕೊಡುತ್ತವೆ. ವರ್ಷಗಟ್ಟಲೆ ದಿನವೂ ಲಕ್ಷಾಂತರ ಮನೆಗಳಿಗೆ ಬರುವ ಧಾರಾವಾಹಿಗೆ ನಟ ನಟಿಯರ ಫೋಟೊ ಬಿಟ್ಟರೆ ಒಂದು ಸಾಲಿನ ವಿಮರ್ಶೆಯಿಲ್ಲ. ತಿಂಗಳಿಗೆ ಎರಡು ಬಾರಿಯಾದರೂ, ಒಂದೊಂದು ಧಾರಾವಾಹಿಯ ಹಿಂದಿನ ಹದಿನೈದು ದಿನಗಳ ಸಂಚಿಕೆಗಳನ್ನು ಪೂರ್ತಿ ನೋಡಿ ಬರೆದ ಅಂಕಣವನ್ನು ತಾವು ಆರಂಭಿಸಬೇಕೆಂದು ಕೋರುತ್ತೇನೆ. ನಕ್ಷತ್ರಗಳ ಅಂಕ ಬೇಡ. ಸಂಭಾಷಣೆ ಬರೆದವರ ಹೆಸರನ್ನು ಹೇಳಿ, ಚೆನ್ನಾಗಿ ಬರೆದ ದೃಶ್ಯವನ್ನು ಎತ್ತಿ ತೋರಿಸಲಿ. ತಪ್ಪಿದ್ದನ್ನು ಅಷ್ಟೇ ನಿರ್ದಾಕ್ಷಿಣ್ಯವಾಗಿ ಹೇಳಲಿ. ನಮ್ಮ ಕಡೆಯ ಹವ್ಯಾಸಿ ರಂಗಭೂಮಿಯವರಿಂದ, ತಾಳಮದ್ದಳೆಯ ಅರ್ಥಧಾರಿಗಳಿಂದ, ದಿನವೂ ನೋಡುವ ಗೃಹಿಣಿಯರಿಂದ ಸರದಿಯ ಮೇಲೆ ಬರೆಸಬಹುದು. ಜಪ್ತಿಯ ದೃಶ್ಯವಿರುವ ಧಾರಾವಾಹಿಯ ಸರದಿ ಬಂದಾಗ ಸಂಭಾವನೆ ಇಲ್ಲದೆಯೇ ಬರೆದುಕೊಡಲು ನಾನು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,

ನಿವೃತ್ತ ಬ್ಯಾಂಕ್ ಉದ್ಯೋಗಿ,
ಕುಂಜಿಬೆಟ್ಟು, ಉಡುಪಿ